ಪೈಲ್ವಾನನಿಗೆ ಹಾಕಿದ ಬೀಗ

ಆಟ ಆಡಿ ಸಂಬಳ ತೆಗೆದುಕೊಳ್ಳುತ್ತಿದ್ದೆ ಎಂದರೆ ಹೆಚ್ಚಿನವರು ನಂಬುವುದಿಲ್ಲ. ನಂಬಿದವರು ಹೊಟ್ಟೆಕಿಚ್ಚು ಪಡುತ್ತಾರೆ. ಆಗ ನಾನು ನೋಯ್ಡಾದ ಒಂದು ಕಂಪನಿಯಲ್ಲಿ ವಿಡಿಯೋ ಗೇಮ್ ಟೆಸ್ಟರ್ ಆಗಿದ್ದೆ. ವಿದೇಶದವರು ಆಟ ಕಟ್ಟುತ್ತಿದ್ದರು, ಅದರ ಚಿತ್ರದ ಕೆಲಸ, ತಪ್ಪು ಹುಡುಕುವ ಕೆಲಸ ನಮ್ಮ ಪಾಲಿಗೆ ಬರುತ್ತಿತ್ತು. ತುಮಕೂರಿನಲ್ಲಿ ಅಮ್ಮ ಎಲ್ಲರಿಗೂ "ಮಗಳು ದೆಹಲಿಯಲ್ಲಿ ಕಂಪ್ಯೂಟರ್ ಪರೀಕ್ಷೆ ನೋಡ್ಕೋತಾಳೆ" ಎಂದು ಹೇಳಿಬಿಟ್ಟಿದ್ದರು. ಹಾಗಾಗಿ ವರ್ಷಕ್ಕೆರಡು ಸಲ ಯಾರಾದರೂ ನೆಂಟರು ಫೋನ್ ಮಾಡಿ, ತಮ್ಮ ಮಗನಿಗೆ ನಾಲ್ಕು ಮಾರ್ಕ್ಸ್ ಜಾಸ್ತಿ ಹಾಕಿಸಲು ಆಗುತ್ತದೆಯೇ ಎಂದು ಕೇಳುತ್ತಿದ್ದರು.

ಟೆಸ್ಟರ್ ಆಡುವ ಆಟದಲ್ಲಿ ಆಟವೇ ಇರುವುದಿಲ್ಲ. ಗುದ್ದಾಟದ ಗೇಮ್ ಒಂದರಲ್ಲಿ ಒಬ್ಬ ಜಟ್ಟಿ ಕೆಳಗೆ ಬಿದ್ದಾಗ ಅವನ ನೆರಳು ನೆಲದ ಮೇಲೆ ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ನೋಡಲು ನಾನು ಅವನನ್ನು ಇಡೀ ವಾರ ಬೀಳಿಸಿದ್ದೇನೆ. ಯಾರ ಮೇಲೂ ಸಿಟ್ಟಿಲ್ಲದೆ ಅಷ್ಟೊಂದು ಹೊಡೆದವರು ಲೋಕದಲ್ಲಿ ಕಡಿಮೆ.

ಈ ಗುದ್ದಾಟದ ಗೇಮಿನಿಂದಲೇ ನನಗೂ ಶಬಾನಾಳಿಗೂ ಸ್ನೇಹವಾದದ್ದು, ಅದರಿಂದಲೇ ಹೋದದ್ದೂ. ಶಬಾನಾ ದಾವಣಗೆರೆಯವಳು, ನಮ್ಮ ಕಂಪನಿಯಲ್ಲೇ ಅನಿಮೇಷನ್ ಮಾಡುತ್ತಿದ್ದಳು. ನೋಯ್ಡಾದ ಬಾಡಿಗೆ ಕೇಳಿ ಬೆಚ್ಚಿದ ನಾವಿಬ್ಬರೂ ಘಾಜಿಯಾಬಾದಿನಲ್ಲಿ ಒಂದು ಫ್ಲಾಟ್ ಹಿಡಿದಿದ್ದೆವು. ಅವಳ ತಂದೆ ಹುಸೇನ್ ಸಾಬರು ಹೊಟ್ಟೆಪಾಡಿಗೆ ಬಡಗಿ, ಮಿಕ್ಕ ಹೊತ್ತೆಲ್ಲ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ವಸ್ತಾದ್. ವಿದೇಶದವರು "ಭಾರತದ ಒಬ್ಬ ಕುಸ್ತಿಪಟು ಬೇಕು" ಎಂದು ಕೇಳಿದಾಗ ನಮ್ಮವರಲ್ಲಿ ಕೆಲವರು ಹಾವಾಡಿಗನಂಥವನ ಚಿತ್ರ ಬರೆದುಕೊಟ್ಟರು. ಶಬಾನಾ ರಜೆ ಹಾಕಿ ಊರಿಗೆ ಹೋದಳು.

ತಿರುಗಿ ಬರುವಾಗ ಅವಳ ಕ್ಯಾಮೆರಾದಲ್ಲಿ ಹುಸೇನ್ ಸಾಬರಿದ್ದರು. ಅರವತ್ತು ದಾಟಿದ ಮನುಷ್ಯ, ತಾರಸಿಯ ಮೇಲೆ ಲಂಗೋಟಿ ಬಿಗಿದು, ಬಿಸಿಲಿನಲ್ಲಿ ಒಂದೊಂದು ಪಟ್ಟನ್ನೂ ಮೂರು ಮೂರು ಸಲ ಹಾಕಿ ತೋರಿಸಿದ್ದರು. ಮೊಣಕಾಲು ಊದಿಕೊಂಡು ಆಮೇಲೆ ಒಂದು ವಾರ ಮಲಗಿದ್ದರಂತೆ. ಶಬಾನಾ ಆರು ತಿಂಗಳು ಕೂತು ಆ ದೇಹವನ್ನು ಪರದೆಯ ಮೇಲೆ ಕಟ್ಟಿದಳು. ತೊಡೆ ತಟ್ಟುವುದು, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುವುದು, ಎದುರಾಳಿಯನ್ನು ಸೊಂಟದ ಮೇಲಿಂದ ಎತ್ತಿ ಚಿತ್ ಮಾಡುವುದು, ಎಲ್ಲವೂ ಬಂತು. ಮೈ ಮಾತ್ರ ಇಪ್ಪತ್ತೈದು ವರ್ಷದ್ದು. ಆಫೀಸಿನಲ್ಲಿ ಎಲ್ಲರೂ ಅವನನ್ನು ಪೈಲ್ವಾನ ಎಂದೇ ಕರೆದರು. ಕ್ಯಾಂಟೀನಿನ ಭಯ್ಯಾ ಕೂಡ ಟೀ ಕೊಡಲು ಬಂದು ನಿಂತು ನೋಡುತ್ತಿದ್ದ.

ಕೆಲಸ ಮುಗಿದು ಶಬಾನಾಳ ತಂಡ ಬೇರೊಂದು ಕಾರ್ ರೇಸಿನ ಆಟಕ್ಕೆ ಹೋಯಿತು. ಆಮೇಲೆ ನಮ್ಮ ಮ್ಯಾನೇಜರ್ ನನ್ನನ್ನು ಕರೆದು ಹೇಳಿದರು: "ಪೈಲ್ವಾನ್ ಅಂಗಡೀಲಿ ಮಾರೋ ಡಿಸ್ಕ್ ಮೇಲೆ ಇರ್ತಾನೆ, ಆದ್ರೆ ಲಾಕ್ ಆಗಿರ್ತಾನೆ. ಬೇಕಾದವರು ಮತ್ತೆ ದುಡ್ಡು ಕೊಟ್ಟು ಇಂಟರ್ನೆಟ್‌ನಿಂದ ತಗೋತಾರೆ. ಆ ಲಾಕ್ ಯಾರಿಗೂ ಒಡೆಯೋಕೆ ಆಗಬಾರದು. ಅದು ನಿಮ್ಮ ಜವಾಬ್ದಾರಿ."

"ಡಿಸ್ಕ್ ಮೇಲೇ ಇದ್ದರೆ ಇಂಟರ್ನೆಟ್‌ನಿಂದ ತಗೊಳ್ಳೋದು ಏನನ್ನ ಸರ್?" ಎಂದೆ.

"ಚಾಬಿ," ಎಂದರು. ನಮ್ಮ ತಂಡದ ಹೊರಗೆ ಯಾರಿಗೂ ಹೇಳಬಾರದು ಎಂದೂ ಸೇರಿಸಿದರು.

ಇಲ್ಲಿ ನಾನು ನ್ಯಾಯವಾಗಿ ಮಾತಾಡಬೇಕು. ಆಟ ಮಾರಾಟವಾದ ಮೇಲೆ ಹೊಸದಾಗಿ ಏನನ್ನಾದರೂ ಮಾಡಿ ಮಾರುವುದು ತಪ್ಪೆಂದು ನಾನು ಹೇಳುವುದಿಲ್ಲ. ಒಬ್ಬ ಹೊಸ ಜಟ್ಟಿಯನ್ನು ಬರೆಯಲು ಇಪ್ಪತ್ತು ಜನ ನಿದ್ದೆಗೆಟ್ಟು ಕಣ್ಣು ಕೆಂಪು ಮಾಡಿಕೊಳ್ಳುತ್ತಾರೆ, ಅವರಿಗೂ ಮನೆ ಇದೆ. ಹೊಸ ಬಟ್ಟೆ, ಹೊಸ ಅಖಾಡ ಏನಾದರೂ ಮಾಡಲಿ, ಬೇಕಾದವನು ಕೊಳ್ಳಲಿ. ಆದರೆ ಗುದ್ದಾಟದ ಆಟಕ್ಕೆ ಒಂದು ಧರ್ಮವಿದೆ. ಇಬ್ಬರು ಎದುರೆದುರು ನಿಂತಾಗ ಇಬ್ಬರಿಗೂ ಅದೇ ಸಾಲಿನ ಆಳುಗಳು ಸಿಗಬೇಕು. ಒಬ್ಬನ ಹತ್ತಿರ ಇರುವ ಜಟ್ಟಿ ಇನ್ನೊಬ್ಬನ ಮನೆಯಲ್ಲಿ ಇಲ್ಲದಿದ್ದರೆ ಅವನ ಪಟ್ಟಿಗೆ ಮರುಪಟ್ಟು ಕಲಿಯುವುದಾದರೂ ಹೇಗೆ? ಹೋಗಲಿ, ಅದನ್ನೂ ಬಿಡೋಣ. ಮಾಡಿ ಮುಗಿಸಿದ್ದನ್ನು, ಡಬ್ಬಿಯಲ್ಲಿ ಹಾಕಿ ಮನೆಗೆ ಕಳಿಸಿದ್ದನ್ನು, ಬೀಗ ಹಾಕಿ ಎರಡನೇ ಸಲ ಮಾರುವುದಕ್ಕೆ ಯಾವ ಹೆಸರು? ನಮ್ಮ ಘಾಜಿಯಾಬಾದಿನ ತರಕಾರಿ ಭಯ್ಯಾ ಕಾಲು ಕಿಲೋ ಬೆಂಡೆಕಾಯಿ ಕೊಂಡವರಿಗೂ ಕೇಳದೆ ಒಂದು ಹಿಡಿ ಕೊತ್ತಂಬರಿ, ಎರಡು ಹಸಿಮೆಣಸಿನಕಾಯಿ ಚೀಲಕ್ಕೆ ತುರುಕುತ್ತಿದ್ದ. ಅವನಿಗೆ ಈ ವ್ಯಾಪಾರದ ವಿದ್ಯೆ ಹೇಳಿಕೊಟ್ಟಿದ್ದರೆ ಬೆಂಡೆಕಾಯಿಯ ತೊಟ್ಟಿಗೂ ಬೀಗ ಹಾಕುತ್ತಿದ್ದನೇನೋ.

ಇಷ್ಟೆಲ್ಲ ಈಗ ಹೇಳುತ್ತಿದ್ದೇನೆ. ಆಗ ನಾನು "ಆಯ್ತು ಸರ್" ಎಂದು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.

ನಾಲ್ಕು ದಿನ ಆ ಬೀಗವನ್ನು ಜಗ್ಗಿದೆ. ಆಟದ ಮಷೀನಿನ ಗಡಿಯಾರ ಹಿಂದೆ ತಿರುಗಿಸಿದೆ, ಹತ್ತು ಗುಂಡಿ ಒಟ್ಟಿಗೆ ಒತ್ತಿದೆ, ನಡುವೆ ಕರೆಂಟ್ ತೆಗೆದೆ. ನಾಲ್ಕನೇ ದಿನ ಜಟ್ಟಿಗಳನ್ನು ಆರಿಸುವ ಹೊತ್ತಿನಲ್ಲಿ ಎರಡನೇ ಕಂಟ್ರೋಲರಿನ ವೈರನ್ನು ಮೂರು ಸಲ ಎಳೆದು ಸಿಕ್ಕಿಸಿದಾಗ ಬೀಗ ಮಾಯವಾಯಿತು. ಪೈಲ್ವಾನ ತೊಡೆ ತಟ್ಟಿಕೊಂಡು ಹೊರಗೆ ಬಂದ. ನನಗೆ ಎಷ್ಟು ಸಂತೋಷವಾಯಿತು! ಅವನನ್ನು ನೋಡಿ ಅಲ್ಲ, ತಪ್ಪು ಸಿಕ್ಕಿತಲ್ಲ ಎಂದು. ಬರೆದು ಕಳಿಸಿದೆ. ಆ ಕಿಂಡಿಯನ್ನು ಮುಚ್ಚಿದರು. ವಿದೇಶದಿಂದ ನನ್ನನ್ನು ಹೊಗಳಿ ಬಂದ ಪತ್ರವನ್ನು ಮ್ಯಾನೇಜರ್ ಇಡೀ ಮಹಡಿಗೆ ಕಳಿಸಿದರು. ಏನನ್ನು ಹಿಡಿದೆ ಎಂಬುದು ಅದರಲ್ಲಿ ಇರಲಿಲ್ಲ. ಆ ಸಂಜೆ ಮನೆಗೆ ಹೋಗುವ ಕ್ಯಾಬಿನಲ್ಲಿ ಶಬಾನಾ ನನ್ನ ಕೈ ಕುಲುಕಿ, "ಸುಮಾ, ಪಾರ್ಟಿ ಯಾವಾಗ?" ಎಂದಳು. ಆದಷ್ಟು ಬೇಗ ಎಂದೆ.

ಆಟ ಪೇಟೆಗೆ ಬಂತು. ಕಂಪನಿ ನಮಗೆಲ್ಲ ಒಂದೊಂದು ಡಿಸ್ಕ್ ಕೊಟ್ಟಿತು. ಶಬಾನಾ ತನ್ನ ಡಬ್ಬಿಯನ್ನು ಒಡೆಯಲೇ ಇಲ್ಲ. "ಅಬ್ಬಾ ಬರ್ತಾರೆ. ಅವರ ಮುಂದೆನೇ ತೆಗೀತೀನಿ" ಎಂದಳು. ಆಗಲಾದರೂ ಹೇಳಬೇಕಿತ್ತು. ಅಡುಗೆಮನೆಯಲ್ಲಿ ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಉಪ್ಪು ಎಲ್ಲಿದೆ ಎಂದು ಕೇಳಿದೆ.

ಹುಸೇನ್ ಸಾಬರು ಒಂದು ಮೂಟೆ ಮಂಡಕ್ಕಿಯೊಂದಿಗೆ ಬಂದಿಳಿದರು. ಬಿಳಿ ಜುಬ್ಬಾ, ಮುರಿದು ಮುದುಡಿದ ಕಿವಿ, ಕುಂಟು ನಡಿಗೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂವರೂ ಟಿವಿಯ ಮುಂದೆ ಕೂತೆವು. ಶಬಾನಾ ಡಬ್ಬಿಯನ್ನು ಅವರ ಕೈಯಿಂದಲೇ ಒಡೆಸಿದಳು. ಪರದೆಯ ಮೇಲೆ ಜಟ್ಟಿಗಳ ಸಾಲು ಬಂತು. ಕೊನೆಯ ಚೌಕ ಕಪ್ಪಾಗಿತ್ತು, ಅದರ ಮೇಲೊಂದು ಬೀಗದ ಚಿತ್ರ.

"ಅದೇನು ಬೇಟಾ, ಬೀಗ?" ಎಂದರು.

ಶಬಾನಾ ಒತ್ತಿ ನೋಡಿದಳು. ಓದಿದಳು. "ದುಡ್ಡು ಕೊಡ್ಬೇಕಂತೆ ಅಬ್ಬಾ."

"ಯಾರಿಗೆ?"

"ಕಂಪನಿಗೆ."

"ನೀನು ಕಂಪನಿಯವಳೇ ಅಲ್ವೇನು?"

ಅವಳು ಎದ್ದು ಹೋಗಿ ತನ್ನ ಕಾರ್ಡ್ ತಂದಳು. ದುಡ್ಡು ಕೊಡಲೂ ಸಿದ್ಧಳಾದಳು ನೋಡಿ. ಇಂಟರ್ನೆಟ್ಟಿನ ಅಂಗಡಿ ತೆರೆಯಲು ಹತ್ತು ನಿಮಿಷ ಹಿಡಿಯಿತು. ತೆರೆದ ಮೇಲೆ ಹೇಳಿತು: ನಿಮ್ಮ ದೇಶದಲ್ಲಿ ಈ ಮಾರಾಟ ಇಲ್ಲ.

ಅವಳು ನನ್ನ ಕಡೆ ತಿರುಗಿದಳು. "ಸುಮಾ, ನೀನು ಟೆಸ್ಟರ್ ಅಲ್ವಾ, ಏನಾದ್ರೂ ಕಳ್ಳದಾರಿ ಇರುತ್ತಲ್ಲ?"

"ಒಂದು ಇತ್ತು" ಎಂದೆ.

"ಇತ್ತು ಅಂದ್ರೆ?"

"ನಾನೇ ಮುಚ್ಚಿಸಿದೆ."

ಬೈದಿದ್ದರೆ ಚೆನ್ನಾಗಿತ್ತು. ಶಬಾನಾ ಕಂಟ್ರೋಲರನ್ನು ಮೆತ್ತಗೆ ಕಾರ್ಪೆಟ್ಟಿನ ಮೇಲಿಟ್ಟು, "ಪಾರ್ಟಿ ಅದಕ್ಕಾ?" ಎಂದಳು. ಅಷ್ಟೇ.

ಹುಸೇನ್ ಸಾಬರಿಗೆ ನಮ್ಮಿಬ್ಬರ ನಡುವೆ ಏನಾಯಿತೆಂದು ಪೂರ್ತಿ ತಿಳಿಯಲಿಲ್ಲ, ಏನೋ ಆಯಿತೆಂದು ತಿಳಿಯಿತು. ಮಾತು ಬೇರೆಡೆಗೆ ತಿರುಗಿಸಲು ನಾನೇ, ವಸ್ತಾದರು ಶಿಷ್ಯರಿಗೆ ಎಲ್ಲ ಕಲಿಸಿ ಒಂದು ಪಟ್ಟನ್ನು ಮಾತ್ರ ತಮ್ಮ ಹತ್ತಿರ ಉಳಿಸಿಕೊಳ್ಳುತ್ತಾರಂತೆ, ನಿಜವಾ ಚಾಚಾ ಎಂದು ಪೆದ್ದುಪೆದ್ದಾಗಿ ಕೇಳಿದೆ. ಅವರು ನಕ್ಕರು. "ಉಳಿಸ್ಕೊಂಡು ಏನ್ ಮಾಡ್ಲಿ ಬೇಟಾ? ನನ್ ಜೊತೆ ಅದೂ ಮಣ್ಣಿಗೆ ಹೋಗ್ತೈತೆ. ಕಲಿಸಿದ್ರೆ ಇನ್ನೊಬ್ಬನ ಮೈಯಾಗೆ ಇರ್ತೈತೆ." ಹಾಗೆಂದು ಕಂಟ್ರೋಲರ್ ಎತ್ತಿಕೊಂಡು, ಯಾರೋ ಒಬ್ಬ ಹಳದಿ ಕೂದಲಿನವನನ್ನು ಆರಿಸಿ, ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತಿ ನನ್ನನ್ನು ಎರಡು ಸಲ ಸೋಲಿಸಿದರು. ಎರಡು ವರ್ಷ ಅದೇ ಕಸುಬು ಮಾಡಿದ ನಾನು ಬೇಕೆಂದೇ ಸೋತೆ ಎಂದು ಹೇಳಿಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ ಪರದೆ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಅವರು ಊರಿಗೆ ಹೋದ ತಿಂಗಳಿಗೆ ಶಬಾನಾ ದೆಹಲಿಯ ಆಚೆ ತುದಿಯ ಪೀತಂಪುರಾದಲ್ಲಿ ತಂಗಿದ್ದ ಗೆಳತಿಯ ಮನೆಗೆ ಹೋದಳು. ಆಫೀಸಿಗೆ ದೂರ ಜಾಸ್ತಿ, ಆದರೂ ಹೋದಳು. ಆಮೇಲೆ ಕೆಲಸವನ್ನೂ ಬಿಟ್ಟಳು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ನಾನು ಮುಚ್ಚಿಸದಿದ್ದರೆ ಬೇರೆ ಯಾರೋ ಮುಚ್ಚಿಸುತ್ತಿದ್ದರು ಎಂಬ ಸಮಾಧಾನ ನನ್ನ ಹತ್ತಿರವೂ ಇದೆ. ಬೇರೆ ಯಾರೂ ಅವಳ ಜೊತೆ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತಿರಲಿಲ್ಲ ಎಂಬುದೇ ತೊಂದರೆ.

ಮರುವರ್ಷ ಕಂಪನಿಯವರು ಎಲ್ಲ ಜಟ್ಟಿಗಳೂ ಇರುವ ಸಂಪೂರ್ಣ ಆವೃತ್ತಿಯೊಂದನ್ನು ಹೊರತಂದರು, ಮೊದಲಿನದಕ್ಕಿಂತ ಕಡಿಮೆ ಬೆಲೆಗೆ. ಹಾಗಾದರೆ ಮೊದಲು ಮಾರಿದ್ದು ಏನೆಂದು ಯಾರೂ ಕೇಳಲಿಲ್ಲ. ನಾನು ಒಂದನ್ನು ಕೊಂಡು ದಾವಣಗೆರೆಗೆ ಕೊರಿಯರ್ ಮಾಡಿದೆ. ವಾರದ ಮೇಲೆ ಹುಸೇನ್ ಸಾಬರೇ ಫೋನ್ ಮಾಡಿದರು.

"ಬಂತು ಬೇಟಾ, ಡಬ್ಬಿ. ಆಡೋ ಮಷೀನು ನಮ್ಮನ್ಯಾಗೆ ಇಲ್ಲ. ಹಿಂದ್ಗಡೆ ಸಣ್ಣದೊಂದು ಚಿತ್ರ ಐತಲ್ಲ, ಅದನ್ನ ನೋಡಿದೆ. ಮೈ ಚೆನ್ನಾಗಿ ಕೊಟ್ಟಾಳೆ. ಆದ್ರೆ ಅವನು ಎಡಗಾಲು ಮುಂದೆ ಇಟ್ಟಾನೆ. ಹಂಗೆ ನಿಂತ್ರೆ ಯಾರು ಬೇಕಾದ್ರೂ ಕೆಡವ್ತಾರೆ."

ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕಿರುತ್ತಾರೆ, ಅದು ಶಬಾನಾಳ ತಪ್ಪಲ್ಲ ಎಂದು ವಿವರಿಸಲು ಹೊರಟೆ. ಅವರು ತಡೆದರು.

"ಇರ್ಲಿ ಬಿಡು. ನೀನು ಮಾತ್ರ ಅವಳಿಗೆ ಹೇಳ್ಬ್ಯಾಡ, ಪಾಪ, ಅಷ್ಟು ಕಷ್ಟ ಪಟ್ಟು ಮಾಡ್ಯಾಳೆ, ಬೇಜಾರು ಮಾಡ್ಕೊಂತಾಳೆ. ನೀವಿಬ್ರೂ ಒಂದೇ ಮನ್ಯಾಗೆ ಇರೋರು, ಮಾತಿನ ಮಧ್ಯೆ ಬಾಯಿ ತಪ್ಪಿ ಬಂದುಬಿಡ್ತೈತೆ."

ಮಗಳು ಅವರಿಗೆ ಏನನ್ನೂ ಹೇಳಿರಲಿಲ್ಲ. ನನ್ನ ಮಾನವನ್ನು ಇಷ್ಟು ದಿನ ಅವಳು ಬಿಟ್ಟಿಯಾಗಿ ಕಾಯುತ್ತಿದ್ದಳು.

"ಇಲ್ಲ ಚಾಚಾ, ಹೇಳಲ್ಲ" ಎಂದೆ.