ಮುಂಬಯಿ ಕ್ಲಬ್ಬಿನ ಬಾಗಿಲಲ್ಲಿ ಕೆಮ್ಮು

ಕಾನ್ವೆಂಟಿನಲ್ಲಿ ಓದುತ್ತಿದ್ದಾಗ ಕ್ರಿಸ್‌ಮಸ್ ನಾಟಕದಲ್ಲಿ ನಾನು ಸತತ ನಾಲ್ಕು ವರ್ಷ ಕುರಿಯಾಗಿದ್ದೆ. ಕುರಿಗೆ ಮಾತಿಲ್ಲ. ಬಿಳಿ ಅರಿವೆ ಹೊದ್ದು, ಗೋದಲಿಯ ಪಕ್ಕದಲ್ಲಿ ಮೊಣಕಾಲೂರಿ ಕೂತರೆ ಮುಗಿಯಿತು. ಐದನೆಯ ವರ್ಷ ದೇವದೂತೆಯ ಪಾತ್ರ, ಅದರಲ್ಲೂ ಒಂದು ಪೂರ್ತಿ ಸಾಲಿನ ಮಾತು ಕೊಡುತ್ತೇನೆ ಎಂದು ಸಿಸ್ಟರ್ ಹೇಳಿದ್ದರು. ಅಷ್ಟರಲ್ಲಿ ನನ್ನ ಮದುವೆಯಾಯಿತು.

ಹೀಗಾಗಿ ಕೇಶ್ವಾಪುರದ ನಮ್ಮ ಹೆಂಗಸರ ಸಮಾಜದ ನಾಟಕದಲ್ಲಿ ನಾಯಕಿಯ ಪಾತ್ರ ನನಗೇ ಎಂದು ಗೊತ್ತಾದ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ನಾಟಕ ಬರೆದವರು ಡಾಕ್ಟರರ ಹೆಂಡತಿ. ನಾವೆಲ್ಲ ಅವರನ್ನು ಬಾಯಾರು ಎನ್ನುತ್ತಿದ್ದೆವು. ಮುಂಬಯಿಯಲ್ಲಿ ಎರಡು ವರ್ಷ ಇದ್ದು ಬಂದವರು. ಅಲ್ಲಿನ ಕ್ಲಬ್ಬುಗಳಲ್ಲಿ ಜಾಝ್ ಎಂಬ ಸಂಗೀತ ಬಂದಿದೆ, ಅದಕ್ಕೆ ಗಂಡಸರೂ ಹೆಂಗಸರೂ ಕೈ ಹಿಡಿದುಕೊಂಡು ಕುಣಿಯುತ್ತಾರೆ ಎಂದು ಅವರಿಂದಲೇ ನಮಗೆ ತಿಳಿದದ್ದು. ಅವರಾದರೂ ಅದನ್ನು ನೋಡಿದ್ದು ಒಮ್ಮೆ ಮಾತ್ರ, ರಸ್ತೆಯಿಂದ, ಕಿಟಕಿಯಲ್ಲಿ ಇಣುಕಿ. ಅವರ ನಾಟಕದಲ್ಲಿ ಒಬ್ಬ ಗೃಹಸ್ಥ ಮನೆಯನ್ನು ಮರೆತು ಅಂಥ ಕ್ಲಬ್ಬಿಗೆ ಬೀಳುತ್ತಾನೆ. ಹೆಂಡತಿ ಹುಡುಕಿಕೊಂಡು ಬಂದು, ಬಾಗಿಲಲ್ಲಿ ನಿಂತು, ಅವನನ್ನು ಹೆಸರು ಹಿಡಿದು ಕೂಗುತ್ತಾಳೆ. ಆ ಕೂಗಿಗೆ ಸಂಗೀತ ನಿಲ್ಲಬೇಕು, ಕುಣಿತ ನಿಲ್ಲಬೇಕು, ಗಂಡನ ಕಣ್ಣು ತೆರೆಯಬೇಕು. ನಾಟಕವೆಲ್ಲ ಆ ಒಂದು ಕೂಗಿನ ಮೇಲೆ ನಿಂತಿತ್ತು.

ಬರೆದ ಪ್ರತಿ ಕೈಗೆ ಬಂದಾಗ ನೋಡುತ್ತೇನೆ, ಆ ಗೃಹಸ್ಥನ ಹೆಸರು ನಮ್ಮ ಮನೆಯವರದೇ.

ಗಂಡನ ಹೆಸರನ್ನು ಆಗ ನಾವು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟಪಾಲಿನವನು ಬಂದು ಕೇಳಿದರೂ ಪಕ್ಕದ ಮನೆಯವರನ್ನು ಕರೆದು ಹೇಳಿಸಬೇಕು. ಇಷ್ಟು ವರ್ಷಗಳಾದ ಮೇಲೆ ಇಲ್ಲಿ ಬರೆಯಲೂ ನನ್ನ ಲೇಖನಿ ಏಳುವುದಿಲ್ಲ. ಓದುವವರು ತಮಗೆ ಇಷ್ಟವಾದ ಹೆಸರನ್ನು ಇಟ್ಟುಕೊಳ್ಳಬಹುದು.

"ಬಾಯಾರ, ಆ ಹೆಸರೊಂದು ಬದಲಿ ಮಾಡ್ರಿ," ಎಂದು ಬೇಡಿಕೊಂಡೆ.

"ಹ್ಯಾಂಗ ಮಾಡ್ಲಿ? ಮೂರೂ ಹಾಡಿನ ಪ್ರಾಸ ಆ ಹೆಸರಿಗೇ ಕೂಡ್ಯಾವು. ಬೇಕಾದ್ರ ನಿಮ್ಮ ಮನಿಯವರ ಹೆಸರು ಬದಲಿ ಮಾಡ್ರಿ," ಎಂದರು.

ಮನೆಯಲ್ಲಿ ಅತ್ತೆಯವರು ನಾಟಕಕ್ಕೆ ಬೇಡ ಎನ್ನಲಿಲ್ಲ. ಒಂದು ಕರಾರು ಹಾಕಿದರು. "ಹಾಡು, ಕುಣಿ, ಏನರ ಮಾಡು. ಆದ್ರ ಹೆಸರು ಅಂದಿ ಅಂದ್ರ ಗಂಡನ ಆಯುಷ್ಯ ಕಮ್ಮಿ ಆಗ್ತದ. ನನ್ನ ಮಗನ ಆಯುಷ್ಯ ನಿಮ್ಮ ಬಾಯಾರ ಪ್ರಾಸಕ್ಕ ಹಾಕಲಿಕ್ಕಾಗೂದಿಲ್ಲವಾ. ನಾ ಮುಂದಿನ ಸಾಲಿನ್ಯಾಗ ಕೂಡಾಕಿ ಇದ್ದೇನಿ, ನೆನಪಿರಲಿ."

ತಾಲೀಮಿನಲ್ಲಿ ಆ ಜಾಗ ಬಂದಾಗಲೆಲ್ಲ ನಾನು ಕೆಮ್ಮುತ್ತಿದ್ದೆ. ಆಟದ ದಿನ ಖಂಡಿತ ಹೇಳುತ್ತೇನೆ ಎಂದು ಬಾಯಾರಿಗೆ ಮಾತು ಕೊಟ್ಟೆ. ಹೇಗೆ ಹೇಳುವುದೆಂದು ನನಗೇ ಗೊತ್ತಿರಲಿಲ್ಲ. ಹೇಳಲಾರೆ ಎಂದರೆ ಪಾತ್ರ ವಕೀಲರ ಹೆಂಡತಿಯ ಪಾಲಾಗುತ್ತಿತ್ತು. ಜಾಝಿನ ತಟ್ಟೆಯೂ ಗ್ರಾಮೋಫೋನೂ ಅವರವೇ, ಕೀಲಿ ಕೊಡುವವರೂ ಅವರೇ, ನನ್ನ ಮಾತುಗಳೆಲ್ಲ ಅವರಿಗೆ ಬಾಯಿಪಾಠ. "ಇಷ್ಟು ಕೆಮ್ಮ ಇದ್ದವ್ರು ಔಷಧ ತೊಗೋಬೇಕ್ರಿ, ಪಾರ್ಟ್ ಅಲ್ಲ," ಎಂದು ಗ್ರಾಮೋಫೋನಿನ ತಗಡಿನ ಕೊಳವೆಯನ್ನು ಒರೆಸುತ್ತ ಅನ್ನುತ್ತಿದ್ದರು.

ನಾಟಕದಲ್ಲಿ ನನ್ನ ಗಂಡನಾದವರು ಪಕ್ಕದ ಮನೆಯ ಚಿಕ್ಕಮ್ಮ, ನಮಗೆಲ್ಲ ಕಾಕು. ಹದಿನೆಂಟು ಮೊಳದ ಸೀರೆಯನ್ನು ಬಿಡಲು ಅವರು ಒಪ್ಪಲಿಲ್ಲ. ಕಚ್ಚೆಯ ಮೇಲೆಯೇ ತಮ್ಮ ಮನೆಯವರ ಪ್ಯಾಂಟು ಏರಿಸಿದರು. ಅದರ ಮೇಲೆ ನಮ್ಮ ಮನೆಯವರ ಮದುವೆಯ ಕೋಟು. ನಮ್ಮ ಮನೆಯವರು ತೆಳ್ಳಗಿದ್ದರು. ಕಾಕು ಹಾಗಿರಲಿಲ್ಲ. ಮೂರು ಗುಂಡಿಗಳನ್ನು ಹಾಕಲು ಇಬ್ಬರು ಬೇಕಾದರು, ಕಾಡಿಗೆಯ ಮೀಸೆ ಬರೆಯಲು ಮತ್ತೊಬ್ಬರು.

ಆಟ ಮಧ್ಯಾಹ್ನ ಮೂರಕ್ಕೆ, ಸಮಾಜದ ಹಾಲಿನಲ್ಲಿ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಹೆಂಡಂದಿರನ್ನು ಕರೆದೊಯ್ಯಲು ಬಂದವರು ಹೊರಗೆ ಬೇವಿನ ಮರದ ಕೆಳಗೆ ಟಾಂಗಾಗಳ ಜೊತೆ ನಿಂತಿದ್ದರು. ಕ್ಲಬ್ಬಿನ ದೃಶ್ಯಕ್ಕೆ ಪರದೆ ಎದ್ದಿತು. ಮೇಜಿನ ಮೇಲೆ ಗಾಜಿನ ಲೋಟಗಳಲ್ಲಿ ಮದ್ಯವೆಂದು ಕೋಕಂ ಶರಬತ್ತು. ತಟ್ಟೆ ತಿರುಗಿತು. ಎಂಟು ಮಂದಿ ಜೋಡಿ ಜೋಡಿಯಾಗಿ ಕುಣಿಯತೊಡಗಿದರು. ನಾನು ಬಾಗಿಲಿಗೆ ಬಂದೆ. ಎದುರಿಗೆ, ಮುಂದಿನ ಸಾಲಿನಲ್ಲಿ, ಅತ್ತೆಯವರು.

ಕೆಮ್ಮಿದೆ.

ತಟ್ಟೆ ನಿಲ್ಲಲಿಲ್ಲ. ಹೆಸರು ಕೇಳುವ ತನಕ ಯಾರೂ ನಿಲ್ಲಿಸಕೂಡದು, ಕುಣಿಯುವವರೂ ನಿಲ್ಲಕೂಡದು ಎಂಬುದು ಬಾಯಾರ ಕಟ್ಟಪ್ಪಣೆ. ತಟ್ಟೆ ಮುಗಿಯಿತು, ವಕೀಲರ ಹೆಂಡತಿ ಕೀಲಿ ತಿರುವಿ ಮತ್ತೆ ಮೊದಲಿನಿಂದ ಹಚ್ಚಿದರು. ಕಲಿಸಿದ ಹೆಜ್ಜೆಗಳೆಲ್ಲ ತೀರಿಹೋಗಿದ್ದರಿಂದ ಜಾಝ್ ಕುಣಿತ ನಿಧಾನವಾಗಿ ಫುಗಡಿಯಾಯಿತು, ನಾಗರಪಂಚಮಿಯಲ್ಲಿ ಕೈ ಹಿಡಿದು ಗಿರಗಿರ ಸುತ್ತಿ ಆಡುತ್ತಿದ್ದೆವಲ್ಲ, ಅದೇ. ಕೋಟಿನ ಮೊದಲ ಗುಂಡಿ ಹಾರಿ ಶರಬತ್ತಿನ ಲೋಟಕ್ಕೆ ಬಿತ್ತು.

ಕಾಕು ನನ್ನ ಮುಂದೆ ಸುತ್ತಿ ಬರುವಾಗ, "ಲಗೂ ಕರಿಯವ್ವಾ ನಮ್ಮವ್ವಾ! ಉಸಿರು ನಿಂತೀತು," ಎಂದರು.

"ಬರವಲ್ಲದು ಕಾಕು!"

ಬದಿಯಿಂದ ವಕೀಲರ ಹೆಂಡತಿಯ ದನಿ: "ಬಾಯಾರ, ನಾನೇ ಹೋಗಿ ಕೂಗಲೇನ್ರಿ? ಸೆರಗು ಸಹಿತ ಸಿಗಿಸಿಕೊಂಡು ತಯಾರ ಇದ್ದೇನಿ."

ಅವರ ಒಂದು ಕಾಲು ಆಗಲೇ ರಂಗದ ಮೇಲೆ ಕಂಡಿತು. ನನಗೆ ಕಣ್ಣೀರು ಬಂತು. ಮತ್ತೆ ಕುರಿ, ಅಂದುಕೊಂಡೆ.

ಆಗ ಮುಂದಿನ ಸಾಲಿನಿಂದ ಅತ್ತೆಯವರೇ ಎದ್ದು ನಿಂತರು. "ಏನವಾ, ಹಂಗ ಯಾಕ ನಿಂತಿ? ಒಡಪು ಹಾಕಿ ಹೇಳವಾ! ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ!"

ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಹೆಸರಿಡುವ ದಿನ, ಹೆಂಗಸರು ಅಡ್ಡಗಟ್ಟಿ ಗಂಡನ ಹೆಸರನ್ನು ಕೇಳಿದಾಗ ಪ್ರಾಸ ಕಟ್ಟಿ, ಅದರ ಕೊನೆಗೆ ಹೆಸರನ್ನು ಸೇರಿಸಿ ಹೇಳುವುದೇ ಒಡಪು. ಮುಂಬಯಿ ಕ್ಲಬ್ಬಿನಲ್ಲಿ ಅದು ಯಾರಿಗೆ ನೆನಪಾಗಬೇಕು? ನಾನು ಕಣ್ಣು ಮುಚ್ಚಿ, ಕಾನ್ವೆಂಟಿನಲ್ಲಿ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ, ಬಾಯಿಗೆ ಬಂದದ್ದನ್ನು ಕೂಗಿದೆ:

"ಗ್ಲಾಸಿನ್ಯಾಗಿನ ಶರಬತ್ತು ಕೆಂಪ, ಉಣಕಲ್ ಕೆರಿ ಗಾಳಿ ತಂಪ,
ಕ್ಲಬ್ಬಿನ್ಯಾಗ ಕುಣಿದಿದ್ದು ಸಾಕು, ಇನ್ನ ಮನಿಗೆ ಬರಬೇಕು..."

ಅದರ ಬೆನ್ನಿಗೇ ಹೆಸರು. ಹಾಲಿನ ಹೆಂಚಿಗೆ ತಾಗುವಂತೆ ಹೇಳಿದೆ. ತಟ್ಟೆ ನಿಂತಿತು. ಕಾಕು ಇದ್ದಲ್ಲೇ ಕೂತುಬಿಟ್ಟರು. ಉಳಿದೆರಡು ಗುಂಡಿಗಳೂ ಹೋದವು.

ಹಾಲಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. "ಒಬ್ಬಾಕಿ ಹೇಳಿದ್ರ ಮುಗೀತೇನು? ಎಲ್ಲಾರೂ ಹೇಳ್ರಿ!" ಎಂದು ಹಿಂದಿನ ಸಾಲಿನವರು ಹಟ ಹಿಡಿದರು. ಕಾಕು ನಾಚಿ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲು ಕುತ್ತಿಗೆಯ ಹಿಂದೆ ಕೈ ಹಾಕಿದರು. ಸಿಕ್ಕಿದ್ದು ಕೋಟಿನ ಕಾಲರು. ಅದನ್ನೇ ಎಳೆದುಕೊಂಡು ಮೀಸೆಯ ಕೆಳಗಿನಿಂದ ತಮ್ಮ ಒಡಪು ಹೇಳಿದರು. ವಕೀಲರ ಹೆಂಡತಿ ಎರಡು ಹೇಳಿದರು.

"ಇದು ಮುಂಬಯಿ ಕ್ಲಬ್ಬು! ಕುಬಸದ ಮನಿ ಅಲ್ಲ!" ಎಂದು ಕೂಗುತ್ತ ಬಾಯಾರು ರಂಗದ ಮೇಲೆ ಬಂದರು.

"ಬಂದದ್ದು ಛಲೋ ಆತು ನೋಡ್ರಿ," ಎಂದರು ಅತ್ತೆಯವರು. "ಡಾಕ್ಟರ್ ಸಾಹೇಬ್ರ ಹೆಸರು ಹೇಳೇ ಒಳಗ ಹೋಗ್ರಿ."

ಬಾಯಾರು ಹೇಳಿದರು. ಪ್ರಾಸ ಮಾತ್ರ ಕೂಡಲಿಲ್ಲ. ಕೊನೆಯ ಅಂಕವನ್ನು ನಾವು ಆಡಲೇ ಇಲ್ಲ, ಆ ಗೃಹಸ್ಥ ಮನೆಗೆ ಹೋದನೋ ಇಲ್ಲವೋ ಯಾರೂ ಕೇಳಲೂ ಇಲ್ಲ.

ಮನೆಗೆ ಬಂದ ಮೇಲೆ ನಮ್ಮ ಮನೆಯವರು ಗುಂಡಿಯಿಲ್ಲದ ಕೋಟನ್ನು ತಿರುವಿ ತಿರುವಿ ನೋಡುತ್ತ ನಿಂತರು. ಬೈಯುತ್ತಾರೆಂದು ನಾನು ಸೂಜಿ ದಾರ ತಂದೆ.

"ನಾ ಬೇವಿನ ಗಿಡದ ಬುಡಕ ನಿಂತಿದ್ದೆ," ಎಂದರು. "ಒಳಗಿಂದ ಯಾರೋ ನನ್ನ ಕರದಂಗಾತು."

"ಹೌದೇನ್ರಿ?"

"ಮಂದಿ ಗದ್ದಲದಾಗ ಸರಿಯಾಗಿ ಕೇಳಿಸಲಿಲ್ಲ." ಕೋಟನ್ನು ನನ್ನ ಕೈಗೆ ಕೊಟ್ಟು, ಅಡುಗೆಮನೆಯ ಕಡೆಗೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಇನ್ನೊಮ್ಮೆ ಹೇಳು, ನೋಡೂಣು."

ನಾನು ಕೆಮ್ಮಿದೆ.