ಕಣವಾಗಿದ್ದ ತಾರಸಿ

ಮೂಡಿಗೆರೆಯಲ್ಲಿ ನನಗೆ ಮನೆ ಮಾರಿದ ಮನುಷ್ಯನನ್ನು ನಾನು ಇನ್ನೂ ಕ್ಷಮಿಸಿಲ್ಲ. ವಯಸ್ಸಾದ ಮೇಲೆ ಮನಸ್ಸು ಮೆತ್ತಗಾಗುತ್ತದೆ ಅನ್ನುತ್ತಾರೆ. ನನ್ನದು ಆಗಿಲ್ಲ. ಆಗಬೇಕಾದ ಅಗತ್ಯವೂ ಕಾಣುವುದಿಲ್ಲ.

ನಾನು ಹುಟ್ಟಿದ್ದು ಎಸ್ಟೇಟಿನ ಲೈನಿನಲ್ಲಿ. ಲೈನು ಅಂದರೆ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಒಂಟಿ ಕೋಣೆಗಳು. ಒಬ್ಬರ ಗೋಡೆಯೇ ಪಕ್ಕದವರ ಗೋಡೆ, ಒಬ್ಬರ ಕೆಮ್ಮು ಎಲ್ಲರಿಗೂ ಕೇಳುತ್ತಿತ್ತು. ರಜೆಯಲ್ಲೆಲ್ಲ ಕಾಫಿ ಹಣ್ಣು ಕೊಯ್ದು, ಚಿಕ್ಕಮಗಳೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿದೆ. ನಮ್ಮ ಲೈನಿಗೆ ಅದು ಮೊದಲ ಡಿಗ್ರಿ. ಯಾರೂ ಕೈಹಿಡಿದು ದಾಟಿಸಲಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮೂಡಿಗೆರೆಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ, ಇನ್ನಿಬ್ಬರ ಜೊತೆ ಬಾಡಿಗೆ ಕೋಣೆಯಲ್ಲಿದ್ದೆ.

ಅವ್ವ ಇನ್ನೂ ಲೈನಿನಲ್ಲೇ ಇದ್ದಳು. ಕಾಫಿ ಒಣಗಿಸುವ ಕಣದಲ್ಲಿ ಬಗ್ಗಿ ಬಗ್ಗಿ ಅವಳ ಸೊಂಟ ಸೋತಿತ್ತು. ಕೆಲಸ ಬಿಟ್ಟವರು ಲೈನನ್ನೂ ಬಿಡಬೇಕು ಎಂಬುದು ಎಸ್ಟೇಟಿನ ಕಾನೂನು. ಮುಂದಿನ ಮಳೆಗಾಲಕ್ಕೆ ಮುಂಚೆ ಕೋಣೆ ಖಾಲಿ ಮಾಡಲಿ ಎಂದು ಎಸ್ಟೇಟಿನ ಲೆಕ್ಕ ನೋಡುವ ರೈಟರು ಹೇಳಿಕಳಿಸಿದರು. ಖಾಲಿ ಮಾಡು ಅಂತ ಯಾರೂ ಹೇಳಲಾಗದ ಒಂದು ಮನೆ ಅವ್ವನಿಗೆ ಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಪೇಟೆಯ ಅಂಚಿನಲ್ಲಿ ಒಬ್ಬ ಕಾಫಿ ವ್ಯಾಪಾರಿ ಮನೆ ಕಟ್ಟಿಸಿ ಮಾರುತ್ತಿದ್ದ. ತಾರಸಿ ಮನೆ. ಹೆಂಚಿನ ಊರಿನಲ್ಲಿ ಆಗ ತಾರಸಿ ಅಂದರೆ ಒಂದು ಗತ್ತು. ಮಳೆನೀರು ಹೋಗಲು ಮೇಲಿನಿಂದ ನಾಲ್ಕು ಪೈಪುಗಳು ಬೀದಿಯ ಕಡೆಗೆ ಚಾಚಿಕೊಂಡಿದ್ದವು, ಅವಕ್ಕೂ ಬಣ್ಣ ಹೊಡೆಸಿದ್ದ. ಅದನ್ನೇ ಕೊಂಡೆ. ಹಣವೆಲ್ಲ ಕೊಟ್ಟಾದ ಮೇಲೂ ಅವನು ಬೀಗದ ಕೈ ಕೊಡಲಿಲ್ಲ.

“ಕಾಂಕ್ರೀಟು ಇನ್ನೂ ಹಸಿ ಮೇಷ್ಟ್ರೇ. ಅವಸರ ಮಾಡಿದ್ರೆ ಬಿರುಕು ಬಿಡುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳೋದು.”

ಕೊಯ್ಲಿನ ಕಾಲವೆಲ್ಲ ಹಾಗೇ ಕಳೆಯಿತು. ತಾರಸಿಯ ಮೇಲೆ ಟಾರ್ಪಾಲಿನ ಅಂಚು ಕಾಣುತ್ತಿತ್ತು. ಹಸಿ ಕಾಂಕ್ರೀಟಿಗೆ ಬಿಸಿಲು ತಾಗದಿರಲಿ ಎಂದು ಹೊದಿಸಿದ್ದಾನೆ, ಮುತುವರ್ಜಿಯ ಮನುಷ್ಯ ಎಂದುಕೊಂಡೆ.

ಬೇಸಿಗೆಯಲ್ಲಿ ಹಾಲುಕ್ಕಿಸಿದೆವು. ಲೈನಿನವರು ಜೀಪಿನಲ್ಲಿ ಬಂದು, ಊಟಕ್ಕೂ ಮುಂಚೆ ತಾರಸಿ ಹತ್ತಿದರು. ಮೂಲೆಗಳಲ್ಲಿ ಕಾಫಿ ಸಿಪ್ಪೆ ಸಿಕ್ಕಿಕೊಂಡಿತ್ತು, ನೆಲ ಕಂದು ಹಿಡಿದಿತ್ತು, ಒಣಗಿದ ಹಣ್ಣಿನ ಹುಳಿ ವಾಸನೆ ಇತ್ತು. ನಾನು ಕೊಂಡ ಮನೆಯ ಮೇಲೆ ಅವನು ಕೊಯ್ಲೆಲ್ಲ ತನ್ನ ಕಾಫಿ ಒಣಗಿಸಿಕೊಂಡಿದ್ದ. ಅದು ಎಲ್ಲರಿಗೂ ಗೊತ್ತಾಯಿತು, ಯಾರಿಗೂ ತಪ್ಪೆನಿಸಲಿಲ್ಲ. ನಮ್ಮ ಕಡೆ ಒಂದಿಷ್ಟು ಬಯಲು ಕಂಡರೆ ಕಾಫಿ ಹರಡುವುದೇ.

ಚಿಕ್ಕಪ್ಪ ಅಂಗಾಲಿನಿಂದ ನೆಲ ಉಜ್ಜಿ ನೋಡಿದ. “ಎಂಥಾ ಕಣ ಮಾರಾಯ. ಅಂಗೈ ಹಂಗೆ ಸಮ ಉಂಟು. ಸುತ್ತ ಕಟ್ಟೆ, ಎಲ್ಲೂ ಒಂದು ತೂತಿಲ್ಲ. ಒಂದು ಕಾಳು ಹೊರಗೆ ಹೋಗಲ್ಲ ನೋಡು.”

“ದೊರೆ ಬಂಗ್ಲೆಲೂ ಇಂಥದ್ದಿಲ್ಲ,” ಅಂದಳು ಸೋದರತ್ತೆ.

ಅಷ್ಟು ಜನ ಇದ್ದೆವು, ಬಿ.ಎ. ಓದಿದ ನಾನೂ ಇದ್ದೆ. ತೂತೇ ಇಲ್ಲದ ತಾರಸಿಯಿಂದ ಮಳೆನೀರು ಎಲ್ಲಿಗೆ ಹೋಗಬೇಕು ಎಂದು ಒಬ್ಬರೂ ಕೇಳಲಿಲ್ಲ. ಕಣದಲ್ಲೇ ಬೆಳೆದವರ ಕಣ್ಣಿಗೆ ಅದು ಕಣವಾಗಿ ಕಂಡಿತೇ ಹೊರತು ಮನೆಯ ಮಾಡಾಗಿ ಕಾಣಲಿಲ್ಲ. ಹೊಗಳಿ, ಕೆಳಗಿಳಿದು, ಪಾಯಸ ಉಂಡೆವು.

ಜೂನಿನಲ್ಲಿ ಮಳೆ ಹಿಡಿಯಿತು. ಅವ್ವನ ಮಂಚದ ಮೇಲೆ ಸೀಲಿಂಗಿನಲ್ಲಿ ತೇವದ ಕಲೆ ಮೂಡಿತು, ಹರಡಿತು, ತೊಟ್ಟಿಕ್ಕತೊಡಗಿತು. ಕೊಡೆ ಹಿಡಿದು ಬೀದಿಗೆ ಹೋಗಿ ನೋಡಿದೆ. ಎದುರು ಮನೆಯ ಹೆಂಚಿನಿಂದ ನೀರು ಧೋ ಎಂದು ಇಳಿಯುತ್ತಿತ್ತು. ನಮ್ಮ ನಾಲ್ಕು ಪೈಪುಗಳ ಬಾಯಲ್ಲಿ ಹನಿ ನೀರಿಲ್ಲ.

ಮೇಲೆ ಹತ್ತಿದರೆ ಮೊಣಕಾಲಿನವರೆಗೆ ನೀರು. ಪೈಪುಗಳ ಒಳಬಾಯಿಗೆ ಸಿಮೆಂಟು ಮೆತ್ತಿ, ಗುರುತು ಸಿಗದಷ್ಟು ನಯವಾಗಿ ಸಾರಿಸಿದ್ದರು. ಹಾರೆ ತಂದು, ನೀರಿನಲ್ಲಿ ತಡಕಾಡಿ, ಒಡೆದೆ. ಅಂಚಿನ ನೀರು ಹೋಯಿತು. ಇಳಿಜಾರೇ ಇಲ್ಲದ್ದರಿಂದ ನಡುವಿನದು ನಿಂತೇ ಇತ್ತು. ಆ ಮಳೆಗಾಲವಿಡೀ ಮನೆ ಸೋರಿತು.

ಅವನ ಅಂಗಡಿಗೆ ಹೋಗಿ ಕೇಳಿದೆ. ತಕ್ಕಡಿಯಿಂದ ಕಣ್ಣು ಎತ್ತಲಿಲ್ಲ.

“ಮೇಸ್ತ್ರಿ ಮರೆತಿರ್ಬೇಕು. ಹೊಸ ಮನೆ ಮೊದ್ಲ ಮಳೇಲಿ ಸ್ವಲ್ಪ ನೀರು ಕುಡಿಯುತ್ತೆ. ಲೈನಲ್ಲಿ ಏನು ಸೋರ್ತಿರ್ಲಿಲ್ವಾ ಮೇಷ್ಟ್ರೇ?”

ಅಂಗಡಿಯಲ್ಲಿದ್ದವರು ನಕ್ಕರು.

“ಲೈನನ್ನ ನಂಗೆ ಯಾರೂ ಮಾರಿರ್ಲಿಲ್ಲ,” ಅಂದು ಎದ್ದು ಬಂದೆ.

ಜುಲೈನಲ್ಲಿ ಅವ್ವನಿಗೆ ಕೆಮ್ಮು ಹಿಡಿಯಿತು. ತಗಡಿನ ಟ್ರಂಕಿಗೆ ಹಗ್ಗ ಬಿಗಿದು, ಲೈನಿನಲ್ಲಿದ್ದ ಚಿಕ್ಕಪ್ಪನ ಕೋಣೆಗೆ ಹೊರಟಳು. ಮಗ ಕೊಂಡ ಹೊಸ ಮನೆ ಬಿಟ್ಟು, ಖಾಲಿ ಮಾಡಿಸಿದ ಲೈನಿಗೇ. ಅಲ್ಲಿ ರೈಟರು ಹತ್ತು ಜನರ ಮುಂದೆ, “ಎಂತ, ಮಗನ ತಾರಸಿ ಮನೆ ಸಾಕಾಯ್ತಾ? ನಾಲ್ಕು ದಿನ ಇದ್ದು ಹೊರಡು,” ಅಂದರಂತೆ. ಅವ್ವ ನನಗೆ ಹೇಳಲಿಲ್ಲ. ಚಿಕ್ಕಪ್ಪ ಹೇಳಿದ.

ಮಳೆ ಬಿಟ್ಟ ಮೇಲೆ ವಾಪಸು ಬಂದಳು. ಟ್ರಂಕಿನ ಹಗ್ಗ ಮಾತ್ರ ಬಿಚ್ಚಲಿಲ್ಲ. ಸೀರೆ ಬೇಕಾದಾಗ ಸಡಿಲಿಸಿ ತೆಗೆದು, ಮತ್ತೆ ಬಿಗಿಯುತ್ತಿದ್ದಳು.

ಕೊಯ್ಲು ಶುರುವಾದ ಮೇಲೆ ಒಂದು ಭಾನುವಾರ ಬಾಗಿಲಿಗೆ ಜೀಪು ಬಂತು. ವ್ಯಾಪಾರಿ ಇಳಿದು, ನನ್ನನ್ನು ಕೇಳದೆ ಹೊರಗಿನ ಮೆಟ್ಟಿಲಿಂದ ತಾರಸಿ ಹತ್ತಿದ. ಇಳಿದು ಬಂದಾಗ ಅವನ ಮುಖ ಸಪ್ಪಗಿತ್ತು. ಆಳುಗಳು ಅಷ್ಟರಲ್ಲಿ ಮೂಟೆ ಇಳಿಸುತ್ತಿದ್ದರು.

“ತೂತು ಯಾಕೆ ಒಡೆದ್ರಿ ಮೇಷ್ಟ್ರೇ? ಕಾಳೆಲ್ಲ ಚರಂಡಿಗೆ ಹೋಗಲ್ವಾ? ಅದಕ್ಕೇ ಅಲ್ವಾ ನಾನು ಮುಚ್ಚಿಸಿದ್ದು.”

ಹಾಗಾದರೆ ಮೇಸ್ತ್ರಿ ಮರೆತಿರಲಿಲ್ಲ. ಒಂದು ಕೊಯ್ಲಿನ ಕಾಳು ಉಳಿಸಿಕೊಳ್ಳಲು ಇವನು ನಮ್ಮ ಮನೆಯ ನೀರಿನ ದಾರಿ ಮುಚ್ಚಿಸಿದ್ದ. ಹೇಳುವಾಗ ದನಿ ತಗ್ಗಲೂ ಇಲ್ಲ.

“ಇರ್ಲಿ, ತೂತಿಗೆ ಗೋಣಿ ತುರುಕ್ತೀನಿ. ನಿಮ್ಮ ತಾಯಿ ಮನೇಲೇ ಇರ್ತಾರಲ್ಲ, ಅಭ್ಯಾಸ ಉಂಟು. ಆಗಾಗ ಮೇಲೆ ಹತ್ತಿ ಕಾಳು ಕೆರೆದು ತಿರುವಿ ಕೊಟ್ರೆ ಸಾಕು.”

“ಇಳಿಸಿದ ಮೂಟೆ ಹತ್ತಿಸಿ,” ಅಂದೆ. ಬೀದಿಗೆಲ್ಲ ಕೇಳುವಂತೆ ಅಂದೆ. “ಇದು ನಿಮ್ಮ ಕಣ ಅಲ್ಲ. ನಮ್ಮವ್ವನ ಮನೆ.”

“ಇಷ್ಟಕ್ಕೆಲ್ಲ ಸಿಟ್ಟಾ ಮಾರಾಯ್ರೇ? ಓದಿದೋರು ನೀವು.”

“ಓದಿದ್ದಕ್ಕೇ ಬಾಯಲ್ಲಿ ಹೇಳ್ತಿರೋದು.”

ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ಧಣಿಗಳ ಎದುರು ಮಾತಾಡಿದವಳಲ್ಲ. ಆಗಲೂ ದನಿ ಏರಿಸಲಿಲ್ಲ.

“ನಿಮ್ಮನೆದು ಹೆಂಚಿನ ಮಾಡು ಅಲ್ವಾ ಅಯ್ಯಾ? ಅದರ ಮೇಲೆ ಹರಡ್ಕೊಳ್ಳಿ. ಕೆರೆಯಕ್ಕೆ ನಾನು ಅಲ್ಲಿಗೇ ಬರ್ತೀನಿ.”

ಜೀಪಿನ ಡ್ರೈವರು ಮುಖ ಆಚೆ ತಿರುಗಿಸಿ ನಕ್ಕ. ಮೂಟೆಗಳು ಮತ್ತೆ ಜೀಪು ಹತ್ತಿದವು.

ಆ ಬೇಸಿಗೆಯಲ್ಲಿ ತಾರಸಿಗೆ ಇಳಿಜಾರು ಕೊಡಿಸಿದೆ. ಅವನು ಒಂದು ಬಾಂಡ್ಲಿ ಸಿಮೆಂಟೂ ಕೊಡಲಿಲ್ಲ. ಅದೇ ಬೀದಿಯಲ್ಲಿ ಮತ್ತೆರಡು ಮನೆ ಎಬ್ಬಿಸಿ, ಅವುಗಳ ಮೇಲೂ ಟಾರ್ಪಾಲು ಹಾಸಿದ. ಕೊಳ್ಳಲು ಬಂದವರನ್ನೆಲ್ಲ ನಾನು ಬೀದಿಯಲ್ಲೇ ತಡೆದು, ಕೆಳಗೆ ನಿಂತು ಪೈಪು ನೋಡಬೇಡಿ, ಹತ್ತಿ ಹೋಗಿ ಅದರ ಬಾಯಿಗೆ ಕಡ್ಡಿ ಹಾಕಿ ನೋಡಿ ಎಂದು ಹೇಳಿದೆ. ಮೇಷ್ಟ್ರಿಗೆ ಹೊಟ್ಟೆಕಿಚ್ಚು ಎಂದು ಅವನು ಪೇಟೆಯಲ್ಲಿ ಹೇಳಿಕೊಂಡು ತಿರುಗಿದ. ತಿರುಗಲಿ.

ಮತ್ತೆ ಮಳೆ ಹಿಡಿದಾಗ ಈ ಸಲ ಕೊಡೆ ಹಿಡಿದು ಬೀದಿಗೆ ಹೋದವಳು ಅವ್ವ. ನಾಲ್ಕೂ ಪೈಪು ಸುರಿಯುವುದನ್ನು ನೋಡುತ್ತ ತುಂಬಾ ಹೊತ್ತು ನಿಂತಳು. ಒಳಗೆ ಬಂದು ಮಂಚದ ಮೇಲಿನ ಸೀಲಿಂಗು ನೋಡಿದಳು. ಆಮೇಲೆ ಟ್ರಂಕಿನ ಹಗ್ಗ ಪೂರ್ತಿ ಬಿಚ್ಚಿ, ಬಟ್ಟೆ ಒಣಹಾಕಲೆಂದು ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದಳು.