ಎಲೆ ತುದಿಯ ಚಿಟಿಕೆ ಉಪ್ಪು

ಬೆಳಗಿನ ಐದೂವರೆ. ಕಾಪುವಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಇರುವ ಹಂಚಿನ ಮಾಡಿನ ಹೋಟೆಲಿನಲ್ಲಿ ಒಂದೇ ಒಂದು ಲಾಟೀನು ಉರಿಯುತ್ತಿದೆ. ಅದರ ಬುಡದಲ್ಲಿ ಕಾಲು ಚಾಚಿ ಕುಳಿತ ಸುಗಂಧಿಯಕ್ಕ ಬಾಳೆಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ಎಲೆಯ ಕಟ್ಟನ್ನು ತಂದು ಜಗಲಿಗೆ ಹಾಕಿದ ಆಳು ಅಂಗಾರ ಅಲ್ಲೇ ಕಂಬಕ್ಕೊರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾನೆ. ಬದಿ ಹರಿದಿದ್ದರೆ ಅಡ್ಡಿಯಿಲ್ಲ, ನಡುವೆ ಹರಿದ ಎಲೆ ಮಾತ್ರ ಬೇಡ. ಸಾರು ಸೋರಿ ಊಟಗಾರನ ಪಂಚೆಗೆ ಇಳಿದರೆ ಹೋಟೆಲಿನ ಮಾನವೂ ಅದರೊಟ್ಟಿಗೆ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಒದ್ದೆ ಬಟ್ಟೆಯಿಂದ ಒರೆಸಿ, ಅಳತೆಗೆ ತಕ್ಕಂತೆ ಮೂರು ರಾಶಿ ಮಾಡುತ್ತಾರೆ. ದಿನಕ್ಕೆ ನೂರನಲವತ್ತು ಎಲೆ ಬೇಕು, ಭಾನುವಾರ ಇನ್ನೊಂದು ಇಪ್ಪತ್ತು.

"ಹಾಸುವ ಎಲೆಯನ್ನು ಯಾರು ಬೇಕಾದರೂ ನೋಡಿಯಾರು," ಎನ್ನುತ್ತಾರೆ ಸುಗಂಧಿಯಕ್ಕ. "ಉಂಡು ಎದ್ದ ಮೇಲೆ ನೋಡಬೇಕು. ಎಲ್ಲ ಅದರಲ್ಲಿ ಉಂಟು."

ಹನ್ನೊಂದು ವರ್ಷಗಳಿಂದ ಈ ಹೋಟೆಲಿನಲ್ಲಿ ಅವರ ಕೆಲಸ ಇದೇ. ಬೆಳಿಗ್ಗೆ ಎಲೆ ಒರೆಸುವುದು, ಮಧ್ಯಾಹ್ನ ಎಂಜಲೆಲೆ ಎತ್ತುವುದು. ಉಡುಪಿ, ಮಂಗಳೂರುಗಳ ನಡುವೆ ಓಡಾಡುವ ಎಷ್ಟೋ ಮಂದಿಗೆ ಈ ಹೋಟೆಲಿನ ಯಜಮಾನ ಜೋಕಿಮರು ಮಾಡುವ ಬಂಗುಡೆ ಮೀನಿನ ಗಸಿ, ತೆಂಗಿನಕಾಯಿ ಅರೆದ ಆ ದಪ್ಪ ಸಾರು, ಗೊತ್ತು. ಕಾರ್ಕಳದಿಂದ ಬಂದವರು ಸಹ ಬಸ್ಸು ಬದಲಿಸುವ ನೆಪ ಮಾಡಿ ಇಲ್ಲಿ ಊಟ ಮುಗಿಸುವುದುಂಟು. ಆದರೆ ಉಂಡ ಎಲೆಯನ್ನು ಎತ್ತಿದವರ ಮುಖ ಒಬ್ಬರಿಗೂ ನೆನಪಿರಲಿಕ್ಕಿಲ್ಲ. ಊಟಗಾರ ಕೈತೊಳೆಯಲು ಬೆನ್ನು ತಿರುಗಿಸಿದ ಮೇಲೆಯೇ ಸುಗಂಧಿಯಕ್ಕ ಬರುವುದು.

ಊರು ಉಚ್ಚಿಲ. ಅಲ್ಲಿಂದ ಕಾಪುವಿಗೆ ಗಂಟೆ ಮೀರಿದ ನಡಿಗೆ. ಗಂಡ ಸುಂದರ ದೊಡ್ಡ ಬಲೆ ಎಳೆಯುವ ಕೆಲಸದಲ್ಲಿದ್ದರು. ದೋಣಿಯ ಅಂಚಿಗೆ ಸಿಕ್ಕಿ ಕಾಲು ಮುರಿದ ಮೇಲೆ ಸಮುದ್ರಕ್ಕೆ ಇಳಿದಿಲ್ಲ. ಈಗ ಮನೆಯ ಚಾವಡಿಯಲ್ಲಿ ಕುಳಿತು ಊರವರ ಬಲೆ ರಿಪೇರಿ ಮಾಡುತ್ತಾರೆ, ಬರುವವರ ಹೋಗುವವರ ಕಾಲೆಳೆಯುತ್ತಾರೆ. ಅವರ ಬಾಯಿಗೆ ಏನೂ ಆಗಿಲ್ಲ ಎಂದು ಸುಗಂಧಿಯಕ್ಕ ನಗುತ್ತಾರೆ. ಆದರೆ ಎಂಜಲು ಎತ್ತುವ ಕೆಲಸ ಹಿಡಿದಾಗ ನೆಂಟರಿಷ್ಟರು ಮುಖ ಸಿಂಡರಿಸಿದ್ದರು. ಅತ್ತೆಯಂತೂ ಒಂದು ವರ್ಷ ಸೊಸೆಯನ್ನು ಬಾವಿಕಟ್ಟೆಯಲ್ಲಿ ಸ್ನಾನ ಮಾಡಿಸದೆ ಒಳಗೆ ಬಿಡಲಿಲ್ಲ. ಆ ನೋವನ್ನು ಅವರು ಮುಚ್ಚಿಡುವುದಿಲ್ಲ. "ಜ್ವರ ಬಂದ ದಿನವೂ ತಣ್ಣೀರು. ಆಗ ಅಳು ಬರುತ್ತಿತ್ತು," ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದಿನ ಎಲೆ ಎತ್ತಿಕೊಳ್ಳುತ್ತಾರೆ.

ಈ ನವೆಂಬರಿನ ಬುಧವಾರ ಮಾತ್ರ ಅವರ ಕೈ ಎಂದಿಗಿಂತ ಚುರುಕು. ನಿನ್ನೆ ಸಂಜೆ ಬಸ್ಸಿನ ಡ್ರೈವರ್ ಮೌರಿಸ್ ಒಂದು ಸುದ್ದಿ ಹೇಳಿಹೋಗಿದ್ದಾರೆ. ಮುಂದಿನ ತಿಂಗಳಿಂದ ಊಟಕ್ಕೆ ಬಸ್ಸುಗಳು ಒಂದೇ ಕಡೆ ನಿಲ್ಲಬೇಕೆಂದು ಕಂಪನಿಯ ಆಜ್ಞೆ. ಒಂದೋ ಕಾಪು, ಇಲ್ಲವೇ ಪಡುಬಿದ್ರಿ. ಪಡುಬಿದ್ರಿಯಲ್ಲಿ ಹೊಸ ಹೋಟೆಲು ಎದ್ದಿದೆ. ಗೋಡೆಗೆ ನಿಲುವುಗನ್ನಡಿ, ತಲೆಯ ಮೇಲೆ ಫ್ಯಾನು. ಎಲ್ಲಿ ಎಂದು ತೀರ್ಮಾನಿಸಲು ಕಂಪನಿಯ ಇನ್‌ಸ್ಪೆಕ್ಟರರು ಇವತ್ತು ಉಂಡು ನೋಡಲು ಬರುತ್ತಾರೆ. ಬಸ್ಸು ತಪ್ಪಿದರೆ ಜೋಕಿಮರು ಒಲೆಗೆ ನೀರು ಹೊಯ್ಯಬೇಕಾದೀತು, ಸುಗಂಧಿಯಕ್ಕನ ಕೆಲಸವೂ ಅಲ್ಲಿಗೇ ಮುಗಿದೀತು.

ಅದು ಸಾಲದು ಎಂಬಂತೆ ಇನ್‌ಸ್ಪೆಕ್ಟರರು ಬರುವುದು ಮೊದಲನೆಯ ಬಸ್ಸಿಗೆ. ಅದರಲ್ಲೇನು ಕಷ್ಟ ಎಂದು ಕೇಳಿದರೆ, ಎರಡು ವರ್ಷಗಳಿಂದ ಈ ಅಡುಗೆಮನೆಯೊಳಗೇ ಉಳಿದ ಕಥೆಯನ್ನು ಹೇಳಬೇಕಾಗುತ್ತದೆ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಜೋಕಿಮರು ಇಪ್ಪತ್ತು ದಿನ ಜ್ವರದಲ್ಲಿ ಮಲಗಿದ್ದರು. ಎದ್ದು ಬಂದು ಸೌಟು ಹಿಡಿದರು. ಮೊದಲ ದಿನದ ಮೊದಲ ಬಸ್ಸು ಹೋದ ಮೇಲೆ ಸುಗಂಧಿಯಕ್ಕ ಎಲೆ ಎತ್ತಲು ಬಾಗಿದವರು ಹಾಗೆಯೇ ನಿಂತುಬಿಟ್ಟರು. ಈ ಹೋಟೆಲಿನಲ್ಲಿ ಪ್ರತಿ ಎಲೆಯ ಎಡತುದಿಗೆ ಒಂದು ಚಿಟಿಕೆ ಉಪ್ಪು ಬಡಿಸುವ ಪದ್ಧತಿ. ಸಾರು ಸಪ್ಪೆಯಾದರೆ ಆ ಉಪ್ಪು ಖಾಲಿ, ಹದವಾದರೆ ಅರ್ಧ ಉಳಿದಿರುತ್ತದೆ, ಉಪ್ಪು ಹೆಚ್ಚಾದರೆ ಅದನ್ನು ಯಾರೂ ಮುಟ್ಟಿರುವುದಿಲ್ಲ. ಅಂದು ಇಪ್ಪತ್ತೆರಡು ಎಲೆಗಳಲ್ಲಿ ಇಪ್ಪತ್ತೆರಡು ಚಿಟಿಕೆಯೂ ಇಟ್ಟಲ್ಲೇ ಇತ್ತು. ಮೀನಿನ ತುಂಡುಗಳು ಒಂದು ಬದಿ ಮಾತ್ರ ಮುರಿದಿದ್ದವು.

ಅವರು ಒಂದು ಎಲೆಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ಜೋಕಿಮರ ಮುಂದೆ ಹಿಡಿದರು. ಎಂಜಲೆಲೆಯನ್ನು ಅಡುಗೆಮನೆಯೊಳಗೆ ತಂದದ್ದಕ್ಕೆ ಜೋಕಿಮರು ಕೆಂಡಾಮಂಡಲವಾದರು. ಎಷ್ಟು ಬೈದರೂ ಸುಗಂಧಿಯಕ್ಕ ಎಲೆ ಕೆಳಗಿಡಲಿಲ್ಲ. ಬಸ್ಸುಗಳೆಲ್ಲ ಹೋದ ಮೇಲೆ ಜೋಕಿಮರು ಒಲೆಯ ಪಕ್ಕದ ಮಣೆಯಲ್ಲಿ ಕುಳಿತು ಅವರನ್ನು ಕರೆದರು. "ಸುಗಂಧಿ, ಜ್ವರ ನನ್ನ ನಾಲಗೆಯನ್ನು ಕೊಂಡುಹೋಗಿದೆ ಮಾರಾಯ್ತಿ. ನನಗೆ ಬಾವಿಯ ನೀರೂ ಒಂದೇ, ಸಮುದ್ರದ ನೀರೂ ಒಂದೇ," ಎಂದರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಹೇಳಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಡಾಕ್ಟರು ರುಚಿ ಮರಳಲೂಬಹುದು, ಮರಳದೆಯೂ ಇರಬಹುದು ಎಂದಿದ್ದರಂತೆ. ಮರಳಲಿಲ್ಲ.

ಹಾಗಾದರೆ ತಾನೇ ರುಚಿ ನೋಡಿ ಹೇಳಿದರಾಯಿತು ಎಂದು ಸುಗಂಧಿಯಕ್ಕ ಮರುದಿನ ಸೌಟಿನ ತುದಿಯಿಂದ ಅಂಗೈಗೆ ಹನಿಸಿಕೊಂಡು ನೆಕ್ಕಿದರು. ಖಾರ ಸಾಲದೆಂದರು. ಜೋಕಿಮರು ಇನ್ನೊಂದು ಹಿಡಿ ಮೆಣಸು ಅರೆದು ಹಾಕಿದರು. ಅಂದು ಊಟಕ್ಕೆ ಕುಳಿತವರ ಕಣ್ಣು ಮೂಗು ಎರಡರಲ್ಲೂ ನೀರು. ಒಬ್ಬ ಯಜಮಾನರು ಬೆಲ್ಲ ಕೇಳಿದರು. ಬಸ್ಸು ಉಚ್ಚಿಲ ದಾಟುವ ತನಕ ಸೂ ಸೂ ಎನ್ನುತ್ತಲೇ ಹೋಯಿತು ಎಂದು ಮೌರಿಸ್ ಇಂದಿಗೂ ಆಡಿಕೊಳ್ಳುತ್ತಾರೆ.

"ನನ್ನ ನಾಲಗೆ ಉಚ್ಚಿಲದ್ದು," ಎನ್ನುತ್ತಾರೆ ಸುಗಂಧಿಯಕ್ಕ. "ಬಸ್ಸಿನ ನಾಲಗೆ ನಲವತ್ತು ಊರಿನದ್ದು. ಒಂದರಿಂದ ನಲವತ್ತನ್ನು ಅಳೆಯಲಿಕ್ಕೆ ಆಗುವುದಿಲ್ಲ, ಅಲ್ವಾ? ಎಲೆ ಹೇಳಿದ್ದೇ ಸರಿ."

ಅಂದಿನಿಂದ ಗಸಿಗೆ ಎರಡು ಪಾತ್ರೆ. ಹನ್ನೊಂದೂವರೆಗೆ ಉಡುಪಿಯಿಂದ ಬರುವ ಬಸ್ಸಿಗೆ ಮೊದಲನೆಯದು. ಆ ಬಸ್ಸಿನವರು ಉಂಡು ಎದ್ದ ಕೂಡಲೇ ಸುಗಂಧಿಯಕ್ಕ ಎಲೆಗಳನ್ನು ನೋಡುತ್ತ ಹೋಗುತ್ತಾರೆ. ಉಪ್ಪು ಎಷ್ಟು ಹೋಗಿದೆ, ಮುಳ್ಳು ಎಷ್ಟು ಚೊಕ್ಕ, ಅನ್ನದ ಅಡಿಯಲ್ಲಿ ಹುಳಿ ಹಾಗೆಯೇ ನಿಂತಿದೆಯೇ, ಎಲೆಯನ್ನು ಬೆರಳಿನಿಂದ ಒರೆಸಿ ನೆಕ್ಕಿದ ಗೆರೆ ಉಂಟೇ. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾಲ್ಕು ಮಾತು ಹೇಳುತ್ತಾರೆ. ಮುಕ್ಕಾಲು ಗಂಟೆಯೊಳಗೆ ಎರಡನೆಯ ಪಾತ್ರೆಗೆ ತೆಂಗಿನ ಹಾಲೋ ಹುಳಿಯೋ ಬಿದ್ದು, ಮಂಗಳೂರಿನ ಕಡೆಯ ಬಸ್ಸುಗಳು ಬರುವಾಗ ಗಸಿ ಹದಕ್ಕೆ ಬಂದಿರುತ್ತದೆ. ನೋಡಿ ಮುಗಿದ ಎಲೆಗಳು ಹಿತ್ತಲಿನ ಎರಡು ಎಮ್ಮೆಗಳ ಪಾಲಿಗೆ. ಅವು ಉಪ್ಪಿನ ವಿಚಾರದಲ್ಲಿ ತಕರಾರು ಎತ್ತಿದ್ದಿಲ್ಲ.

ಎಲ್ಲ ಎಲೆಯನ್ನೂ ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಘಟ್ಟದ ಮೇಲಿನವರಿಗೆ ನಮ್ಮ ಕುಚ್ಚಲಕ್ಕಿ ಗಂಟಲಿಗಿಳಿಯುವುದಿಲ್ಲ, ಅವರು ಅನ್ನ ಬಿಟ್ಟರೆ ಅದು ಗಸಿಯ ತಪ್ಪಲ್ಲ. ಇನ್ನೊಂದು ಬಗೆಯ ಎಲೆ ಮಣಿಪಾಲದ ಆಸ್ಪತ್ರೆಗೆ ಹೋಗುವವರದ್ದು. ಆ ಎಲೆಯಲ್ಲಿ ಅನ್ನ ಕಲಸಿರುತ್ತದೆ, ಉಂಡಿರುವುದಿಲ್ಲ. ಕಲಸಿದ ಕೈ ಎಲ್ಲೋ, ಮನಸ್ಸು ಎಲ್ಲೋ. ಈಗೀಗ ಮಡಿಲಲ್ಲಿ ಔಷಧದ ಸೀಸೆಯನ್ನೋ ಮಂಕಾದ ಮಗುವನ್ನೋ ಇಟ್ಟುಕೊಂಡವರು ಬೆಂಚಿನಲ್ಲಿ ಕಂಡರೆ, ಬಡಿಸುವವರಿಗೆ ಹೇಳಿ ಮೊದಲು ಒಂದು ಲೋಟ ಬಿಸಿ ಗಂಜಿತಿಳಿ ಕೊಡಿಸುತ್ತಾರೆ. ಅಷ್ಟಾದರೂ ಹೊಟ್ಟೆಗೆ ಹೋಗಲಿ ಎಂದು.

ಈಗ ಬುಧವಾರದ ಕಷ್ಟ ಏನೆಂಬುದು ತಿಳಿಯಿತಲ್ಲ. ಮೊದಲ ಬಸ್ಸಿನವರು ಉಣ್ಣುವುದು ಯಾವ ಎಲೆಯೂ ಸಾಕ್ಷಿ ಹೇಳದ ಪಾತ್ರೆಯಿಂದ. ಇಷ್ಟರವರೆಗೆ ಹೆಚ್ಚು ಕಡಿಮೆಯಾದರೂ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಇವತ್ತು ಆ ಪಂಕ್ತಿಯಲ್ಲೇ ಇನ್‌ಸ್ಪೆಕ್ಟರರು.

ಹತ್ತೂವರೆಗೆ ಬಂಗುಡೆ ಗಸಿ ಕುದಿ ಬಂದಿದೆ. ಮೊದಲು ಅಂಗಾರನನ್ನು ಉಣ್ಣಲು ಕೂರಿಸಿದರೆ ಹೇಗೆ ಎಂದು ಜೋಕಿಮರು ಕೇಳುತ್ತಾರೆ. ಅಂಗಾರನ ಎಲೆ ಯಾವಾಗ ನೋಡಿದರೂ ತೊಳೆದಿಟ್ಟಂತೆ ಇರುತ್ತದೆ, ಅವನ ಸಾಕ್ಷಿ ನಡೆಯುವುದಿಲ್ಲ ಎಂದು ಸುಗಂಧಿಯಕ್ಕ ತಲೆ ಅಲ್ಲಾಡಿಸುತ್ತಾರೆ. ಜಗಲಿಯಲ್ಲಿದ್ದ ಅಂಗಾರ ಇದನ್ನು ಕೇಳಿಸಿಕೊಂಡು, ಬಂದ ಊಟ ತಪ್ಪಿತಲ್ಲ ಎಂದು ಗೊಣಗುತ್ತಾನೆ.

ಕೊನೆಗೆ ಸುಗಂಧಿಯಕ್ಕ ಅಂಗೈ ಚಾಚುತ್ತಾರೆ. ಜೋಕಿಮರು ಸೌಟಿನಿಂದ ನಾಲ್ಕು ಹನಿ ಬಿಡುತ್ತಾರೆ. ಸುಗಂಧಿಯಕ್ಕ ಕಣ್ಣು ಮುಚ್ಚಿ ನೆಕ್ಕುತ್ತಾರೆ. ಇನ್ನೊಮ್ಮೆ ನೆಕ್ಕುತ್ತಾರೆ.

"ಎಂತ ಆಯಿತು?" ಎನ್ನುತ್ತಾರೆ ಜೋಕಿಮರು.

"ಸಪ್ಪೆ ಪೊರ್ಬುಗಳೇ."

ಇಲ್ಲಿಯ ತುಳುವರು ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಪೊರ್ಬುಗಳ ಕೈ ತಟ್ಟನೆ ಉಪ್ಪಿನ ಮರಿಗೆಗೆ ಹೋಗುತ್ತದೆ. ಸುಗಂಧಿಯಕ್ಕ ಮಣಿಕಟ್ಟು ಹಿಡಿದು ನಿಲ್ಲಿಸುತ್ತಾರೆ. ಹನ್ನೊಂದು ವರ್ಷದಲ್ಲಿ ಯಜಮಾನರ ಕೈ ಹಿಡಿದದ್ದು ಇದೇ ಮೊದಲು ಎಂದು ಆಮೇಲೆ ಅವರೇ ನಾಚಿಕೊಂಡು ಹೇಳಿದರು. "ಹಾಕಬೇಡಿ. ನನಗೆ ಸಪ್ಪೆಯಾದ ದಿನವೇ ಎಲೆ ಖಾಲಿಯಾಗುವುದು. ಎರಡು ವರ್ಷದಿಂದ ನೋಡುತ್ತಾ ಇದ್ದೇನೆ," ಎನ್ನುತ್ತಾರೆ.

ಖಾರದ ಗಲಾಟೆಯ ಬಳಿಕವೂ ಅವರು ದಿನಾ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೋಡುವುದನ್ನು ಬಿಟ್ಟಿರಲಿಲ್ಲ. ಯಾರಿಗೂ ಏನೂ ಹೇಳುತ್ತಿರಲಿಲ್ಲ, ಅಷ್ಟೇ. ತನ್ನ ನಾಲಗೆ ಹೇಳಿದ್ದನ್ನು ಎಲೆ ಹೇಳಿದ್ದರ ಪಕ್ಕ ಇಟ್ಟು, ಉಚ್ಚಿಲಕ್ಕೂ ಬಸ್ಸಿಗೂ ಎಷ್ಟು ದೂರ ಎಂದು ಕಲಿಯುತ್ತಿದ್ದರು. ತನ್ನ ಬಾಯಿಗೆ ರುಚಿಯೆಂದು ಕಂಡದ್ದನ್ನು ಸರಿಯಲ್ಲ ಎಂದು ಒಪ್ಪಿಕೊಳ್ಳುವುದು ದೊಡ್ಡ ದೊಡ್ಡವರಿಗೂ ಬಾರದ ವಿದ್ಯೆ. ಜೋಕಿಮರು ಮರಿಗೆಯ ಮುಚ್ಚಳ ಮುಚ್ಚುತ್ತಾರೆ.

ಹನ್ನೊಂದೂವರೆಗೆ ಬಸ್ಸು ಬರುತ್ತದೆ. ಇಪ್ಪತ್ತನಾಲ್ಕು ಮಂದಿ ಊಟಕ್ಕೆ ಇಳಿಯುತ್ತಾರೆ. ನಡುವಿನ ಬೆಂಚಿನಲ್ಲಿ ಕನ್ನಡಕದ ಇನ್‌ಸ್ಪೆಕ್ಟರರು, ಪಕ್ಕದಲ್ಲಿ ಮೌರಿಸ್. ಇನ್‌ಸ್ಪೆಕ್ಟರರು ಮಾತಿನವರಲ್ಲ. ಬಡಿಸಿದ್ದನ್ನು ಉಣ್ಣುತ್ತಾರೆ, ಗೋಡೆಯ ಗಡಿಯಾರ ನೋಡುತ್ತಾರೆ, ಮತ್ತೆ ಉಣ್ಣುತ್ತಾರೆ. ಜೋಕಿಮರು ಅಡುಗೆಮನೆಯ ಬಾಗಿಲ ಸಂದಿಯಿಂದ ಅವರ ಮುಖವನ್ನೇ ನೋಡುತ್ತಿದ್ದಾರೆ. ಸುಗಂಧಿಯಕ್ಕ ಮುಖ ನೋಡುವುದಿಲ್ಲ. ಮುಖ ಸುಳ್ಳು ಹೇಳೀತು ಎಂದು ಬುಟ್ಟಿ ಹಿಡಿದು ಗೋಡೆಯ ಬದಿಗೆ ನಿಂತಿದ್ದಾರೆ.

ಇನ್‌ಸ್ಪೆಕ್ಟರರು ಎದ್ದು ಕೈ ತೊಳೆಯುವ ಹಂಡೆಯ ಕಡೆಗೆ ತಿರುಗುತ್ತಾರೆ. ಸುಗಂಧಿಯಕ್ಕ ಬಾಗುತ್ತಾರೆ. ಎಡತುದಿಯ ಉಪ್ಪು ಅರ್ಧ ಹೋಗಿದೆ, ಅರ್ಧ ಉಳಿದಿದೆ. ಎರಡು ಬಂಗುಡೆಯ ಮುಳ್ಳು ಬಾಚಣಿಗೆಯಂತೆ ಚೊಕ್ಕ. ಎಲೆಯ ನಡುವೆ ಬೆರಳು ಎಳೆದ ಗೆರೆ ಒಂದಲ್ಲ, ಮೂರು. ಆ ಎಲೆಯನ್ನು ಮಡಚದೆ ಹಾಗೆಯೇ ಎತ್ತಿ, ಬಾಗಿಲ ಸಂದಿಯ ಎದುರಿನಿಂದಲೇ ಒಮ್ಮೆ ಹಾದುಹೋಗುತ್ತಾರೆ. ಜೋಕಿಮರು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ.

ಹೊರಗೆ ಕೈ ಒರೆಸಿಕೊಳ್ಳುತ್ತ ಇನ್‌ಸ್ಪೆಕ್ಟರರು ಇಲ್ಲಿ ಎಷ್ಟು ನಿಮಿಷ ನಿಲ್ಲಿಸುವುದೆಂದು ಮೌರಿಸರನ್ನು ಕೇಳುತ್ತಾರೆ. ಹದಿನೈದು ಎಂದಾಗ, ಅದು ಸಾಲದು, ಮುಂದಿನ ತಿಂಗಳಿಂದ ಇಪ್ಪತ್ತು ಮಾಡಿ ಎಂದು ಹೇಳಿ ಬಸ್ಸು ಹತ್ತುತ್ತಾರೆ. ತೀರ್ಮಾನ ಅಷ್ಟೇ. ಪಡುಬಿದ್ರಿಯ ಫ್ಯಾನು ತನ್ನ ಪಾಡಿಗೆ ತಿರುಗುತ್ತಿರಲಿ.

ಗಸಿಯ ಬಗ್ಗೆ ಬರೆಯೋಣವೆಂದು ಬಂದವರಿಗೆ ಈ ಕಥೆಯನ್ನು ಹೇಳಿದ್ದು ಜೋಕಿಮರೇ. ಅಚ್ಚಾದರೆ ಇನ್‌ಸ್ಪೆಕ್ಟರರೂ ಓದಿಯಾರು ಎಂದು ಎಚ್ಚರಿಸಿದರೆ ಅವರು ಜಗ್ಗುವುದಿಲ್ಲ. "ಓದಲಿ. ಉಂಡ ಊಟ ವಾಪಸು ಕೊಡಲಿಕ್ಕೆ ಬರುವುದಿಲ್ಲವಲ್ಲ," ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, "ಎರಡು ವರ್ಷದಿಂದ ಹೊಗಳಿಕೆಯೆಲ್ಲ ನನಗೆ ಬರುತ್ತಾ ಉಂಟು. ಭಾರವಾಗಿತ್ತು ನೋಡಿ," ಎನ್ನುತ್ತಾರೆ.

ಮಂಗಳೂರಿನ ಬಸ್ಸುಗಳೂ ಹೋಗಿ ಎರಡೂವರೆಯ ಹೊತ್ತಿಗೆ ಹೋಟೆಲು ತಣ್ಣಗಾಗಿದೆ. ಸುಗಂಧಿಯಕ್ಕನಿಗೆ ಏನು ಆಸೆ ಎಂದು ಕೇಳಿದರೆ ಮೊದಲು ನಗು. ದಿನಾ ಹಿತ್ತಲ ಬಾಗಿಲಲ್ಲಿ, ಹರಿದು ಉಳಿದ ಎಲೆಯಲ್ಲಿ ಅವರ ಊಟ. "ಒಂದು ಸಲ ಪ್ರಯಾಣಿಕರ ಹಾಗೆ ಬೆಂಚಿನಲ್ಲಿ ಕೂತು ಉಣ್ಣಬೇಕು. ನಾನು ಎದ್ದ ಮೇಲೆ ನನ್ನ ಎಲೆ ಬೇರೆಯವರು ಎತ್ತಬೇಕು. ಅಷ್ಟೇ," ಎನ್ನುತ್ತಾರೆ.

ಜೋಕಿಮರು ಒಳಗಿನಿಂದ ಒಳ್ಳೆಯ ಕುಡಿ ಎಲೆಯೊಂದನ್ನು ತಂದು, ರಸ್ತೆ ಕಾಣುವ ಬೆಂಚಿನ ಎದುರು ಹಾಸುತ್ತಾರೆ. ಎಡತುದಿಗೆ ಉಪ್ಪು ಇಡುತ್ತಾರೆ. ಬೇಡ ಬೇಡ ಎನ್ನುತ್ತಲೇ ಸುಗಂಧಿಯಕ್ಕ ಕೂರುತ್ತಾರೆ, ಸಂಕೋಚದಿಂದ ಮೊದಲ ತುತ್ತು, ಆಮೇಲೆ ಸಂಕೋಚವಿಲ್ಲದೆ ಉಳಿದದ್ದು. ಊಟ ಮುಗಿದು ಕೈ ತೊಳೆದು ಬಂದಾಗ, ಅಭ್ಯಾಸಬಲದಿಂದ ಎಲೆ ಎತ್ತಲು ಬಾಗುತ್ತಾರೆ. ಎಲೆ ಅಲ್ಲಿಲ್ಲ. ಜೋಕಿಮರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿನ ಕಡೆಗೆ ತಿರುಗಿ ನೋಡುತ್ತಾ ನಿಂತಿದ್ದಾರೆ.

"ಉಪ್ಪು ಒಂದು ಕಾಳೂ ಉಳಿದಿಲ್ಲ. ನಿನಗೆ ಸಪ್ಪೆಯಾಯಿತು, ಅಲ್ವಾ?"

"ತುಂಬಾ ಸಪ್ಪೆ ಪೊರ್ಬುಗಳೇ," ಎನ್ನುತ್ತಾರೆ ಸುಗಂಧಿಯಕ್ಕ. "ನಾಳೆಯೂ ಹೀಗೇ ಇರಲಿ."